ಎಂಜಿನ್ ದೀಪ ಹೇಳಿದ್ದೆಷ್ಟು, ನಾವು ತಿಳಿದದ್ದೆಷ್ಟು

ಕಳೆದ ವರ್ಷ ಮಾಘ ಮಾಸದ ಒಂದು ಮುಂಜಾನೆ ಜತ್ತದಿಂದ ಕುಂಭೋಜ ಬಾಹುಬಲಿಯ ದರ್ಶನಕ್ಕೆಂದು ಮನೆಮಂದಿಯೆಲ್ಲ ಕಾರಿನಲ್ಲಿ ಹೊರಟಿದ್ದೆವು. ದರ್ಶನ ಮುಗಿಸಿಕೊಂಡು ಸೂರ್ಯಾಸ್ತದೊಳಗೆ ಮನೆ ಸೇರಿ ಊಟ ಮಾಡಬೇಕೆಂಬುದು ಅವ್ವನ ಲೆಕ್ಕ. ಕವಠೆ ಮಹಾಂಕಾಳ ದಾಟಿದ ಮೇಲೆ ಸ್ಟಿಯರಿಂಗಿನ ಹಿಂದೆ ಎಂಜಿನ್ನಿನ ಚಿತ್ರವಿರುವ ಹಳದಿ ದೀಪ ಹೊತ್ತಿಕೊಂಡಿತು. ಗಾಡಿ ಓಡುವುದರಲ್ಲಿ ಏನೂ ಕೊರತೆ ಕಾಣಲಿಲ್ಲ. ಆದರೆ ಮಿರಜದ ರೈಲ್ವೆ ಗೇಟಿನಲ್ಲಿ ನಿಂತಾಗ ಮಾತ್ರ ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ದರ್ಶನವೂ ಆಯಿತು, ಹೊತ್ತಿಗೆ ಸರಿಯಾಗಿ ಮನೆಯೂ ಸೇರಿದೆವು. ತೊಂದರೆ ಶುರುವಾದದ್ದು ಮರುದಿನ.

ಪಟ್ಟಣದ ಒಂದು ಗ್ಯಾರೇಜಿನವರು ಯಂತ್ರ ಹಚ್ಚಿ ನೋಡಿ, ಪಿ0171 ಎಂಬ ಸಂಖ್ಯೆ ಬಂದಿದೆ, ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದರು. 5,800 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆವು. ನಾಲ್ಕನೆಯ ದಿನ ದೀಪ ಮತ್ತೆ ಹೊತ್ತಿತು. ಇನ್ನೊಂದು ಗ್ಯಾರೇಜಿನವರು ಅದೇ ಸಂಖ್ಯೆ ನೋಡಿ, ಪೆಟ್ರೋಲಿನಲ್ಲಿ ಕಲಬೆರಕೆ ಇರಬೇಕು, ಇಂಜೆಕ್ಟರ್ ಕಟ್ಟಿಕೊಂಡಿವೆ ಎಂದು ಹೇಳಿ ಅವನ್ನು ತೊಳೆದು 3,200 ರೂಪಾಯಿ ತೆಗೆದುಕೊಂಡರು. ಆರನೆಯ ದಿನ ದೀಪ ಮತ್ತೆ ಬಂತು.

ಹಣ ಹೋದದ್ದಕ್ಕಿಂತ ದೊಡ್ಡ ನಷ್ಟ ಆ ಕಲಬೆರಕೆ ಎಂಬ ಒಂದು ಮಾತಿನಿಂದ ಆಯಿತು. ಪೆಟ್ರೋಲು ಹಾಕಿಸಿಕೊಂಡು ಬರುವವನು ನಮ್ಮ ಡ್ರೈವರ್. ಹನ್ನೆರಡು ವರ್ಷದಿಂದ ನಮ್ಮಲ್ಲಿದ್ದವನು. ಎಲ್ಲಿಯೋ ಅಗ್ಗದ ಪೆಟ್ರೋಲು ಹಾಕಿಸಿ ನಡುವೆ ನಾಲ್ಕು ಕಾಸು ಉಳಿಸಿಕೊಳ್ಳುತ್ತಿರಬಹುದೇ ಎಂದು ನಾವು ಅಂಗಡಿಯಲ್ಲಿ, ಗುಮಾಸ್ತರ ಎದುರಿನಲ್ಲೇ ಕೇಳಿಬಿಟ್ಟೆವು. ಅವನು ಹೆಚ್ಚು ಮಾತಾಡಲಿಲ್ಲ. "ಅಣ್ಣಾರ, ನಿಮ್ಮ ಮನ್ಯಾಗಿನ ಅನ್ನ ಉಂಡೀನಿ, ಅಂಥಾ ಕೆಲಸ ನಾ ಮಾಡಿಲ್ಲರಿ" ಎಂದು ಕೀಲಿಕೈ ಗಲ್ಲೆಯ ಮೇಲಿಟ್ಟು ನಡೆದುಬಿಟ್ಟ.

ಆ ದೀಪ ನಿಜವಾಗಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ನಾವು ಮೊದಲೇ ತಿಳಿದಿದ್ದರೆ ಆ ದಿನ ಆ ಮಾತು ಆಡುತ್ತಿರಲಿಲ್ಲ. ಈಗ ತಿಳಿದದ್ದನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ಸಂಖ್ಯೆ ಬರುವುದು ಎಲ್ಲಿಂದ?

ಇಂದಿನ ಕಾರಿನ ಎಂಜಿನ್ನಿಗೆ ಒಂದು ಚಿಕ್ಕ ಕಂಪ್ಯೂಟರು ಇರುತ್ತದೆ. ನೀರಿನ ಕಾವು, ಒಳಹೋಗುವ ಗಾಳಿ, ಹೊಗೆಯಲ್ಲಿ ಉಳಿದ ಆಮ್ಲಜನಕ ಮುಂತಾದವನ್ನು ಹತ್ತಾರು ಸೆನ್ಸರುಗಳು ಅದಕ್ಕೆ ತಿಳಿಸುತ್ತಲೇ ಇರುತ್ತವೆ. ಬಂದ ಅಂಕಿ ಇರಬೇಕಾದ ಮಿತಿಯಲ್ಲಿಲ್ಲದಿದ್ದರೆ ಕಂಪ್ಯೂಟರು ಒಂದು ಸಂಖ್ಯೆಯನ್ನು ಬರೆದಿಟ್ಟುಕೊಂಡು ಹಳದಿ ದೀಪ ಹಚ್ಚುತ್ತದೆ. ಈ ವ್ಯವಸ್ಥೆ ಹುಟ್ಟಿದ್ದು ಹೊಗೆಯ ಮಾಲಿನ್ಯ ತಡೆಯುವ ಸಲುವಾಗಿ. ಅಮೆರಿಕದಲ್ಲಿ 1996ರ ಮಾದರಿಯಿಂದ ಎಲ್ಲ ಕಾರುಗಳಿಗೂ ಒಂದೇ ಬಗೆಯ ಸಂಖ್ಯೆ, ಒಂದೇ ಬಗೆಯ ಪ್ಲಗ್ಗು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 4 ನಿಯಮದೊಡನೆ 2010ರಲ್ಲಿ ಇದರ ಮೊದಲ ಹಂತ, 2013ರಲ್ಲಿ ಎರಡನೆಯ ಹಂತ ಬಂದವು. 2020ರ ಏಪ್ರಿಲ್‌ನಿಂದ ಸ್ಟೇಜ್ 6 ಜಾರಿಯಾದ ಮೇಲೆ ನಿಗಾ ಇನ್ನೂ ಬಿಗಿಯಾಯಿತು.

ಸ್ಟಿಯರಿಂಗಿನ ಕೆಳಗೆ, ಡ್ರೈವರನ ಮೊಣಕಾಲ ಬಳಿ 16 ಪಿನ್ನುಗಳ ಒಂದು ಸಾಕೆಟ್ಟು ಇರುತ್ತದೆ. ಸ್ಕ್ಯಾನರನ್ನು ಅಲ್ಲಿ ಸಿಕ್ಕಿಸಿದರೆ ಸಂಖ್ಯೆ ಓದಬಹುದು. ಮೊಬೈಲಿಗೆ ಜೋಡಿಸುವ ಬೆಂಕಿಪೊಟ್ಟಣದಷ್ಟು ಚಿಕ್ಕ ಯಂತ್ರಗಳು ಈಗ ಕೆಲವು ನೂರು ರೂಪಾಯಿಗೂ ಸಿಗುತ್ತವೆ. ಕೆಲಸವಾದ ಮೇಲೆ ಅದನ್ನು ಕಿತ್ತಿಡಬೇಕು. ಕೀಲಿ ತೆಗೆದರೂ ಆ ಸಾಕೆಟ್ಟಿಗೆ ಬ್ಯಾಟರಿಯ ವಿದ್ಯುತ್ತು ಬರುತ್ತಲೇ ಇರುವುದರಿಂದ, ಗಾಡಿ ಬಹಳ ದಿನ ನಿಂತರೆ ಬ್ಯಾಟರಿ ಇಳಿದುಹೋಗುತ್ತದೆ.

ಸಂಖ್ಯೆಯನ್ನು ಓದುವ ರೀತಿಯೂ ಕಠಿಣವಲ್ಲ. ಮೊದಲ ಅಕ್ಷರ 'ಪಿ' ಎಂದರೆ ಎಂಜಿನ್ ಮತ್ತು ಗೇರು, 'ಬಿ' ಎಂದರೆ ಗಾಡಿಯ ಬಾಡಿ, 'ಸಿ' ಎಂದರೆ ಬ್ರೇಕು, ಸ್ಟಿಯರಿಂಗು ಮುಂತಾದವು, 'ಯು' ಎಂದರೆ ಕಂಪ್ಯೂಟರುಗಳ ನಡುವಿನ ಸಂಪರ್ಕ. 'ಪಿ' ಆದ ಮೇಲಿನ ಅಂಕಿ 0 ಇದ್ದರೆ ಎಲ್ಲ ಕಂಪನಿಗಳ ಗಾಡಿಗೂ ಒಂದೇ ಅರ್ಥ. 1 ಇದ್ದರೆ ಆ ಕಂಪನಿಯವರೇ ಇಟ್ಟುಕೊಂಡ ಅರ್ಥ. ಅದರ ಮುಂದಿನ ಅಂಕಿ ವಿಭಾಗವನ್ನು ಹೇಳುತ್ತದೆ: 1 ಮತ್ತು 2 ಗಾಳಿ ಹಾಗೂ ಇಂಧನ, 3 ಕಿಡಿ, 4 ಹೊಗೆಯ ನಿಯಂತ್ರಣ.

ಇದಿಷ್ಟೇ ಅದರ ಪಾಲಿನ ಕೆಲಸ. ಸಂಖ್ಯೆ ಎಂಬುದು ಒಂದು ದೂರು, ತೀರ್ಪಲ್ಲ. ದೂರು ಕೊಟ್ಟವನ ಹೆಸರು ಬರೆದಿದೆಯೆಂದು ಅವನನ್ನೇ ಕಳ್ಳನೆಂದು ಹಿಡಿದುಕೊಂಡು ಹೋದರೆ ಏನಾದೀತು? ನಮ್ಮ ಆಕ್ಸಿಜನ್ ಸೆನ್ಸರಿಗೆ ಆದದ್ದು ಅದೇ. ಹೊಗೆಯಲ್ಲಿ ಗಾಳಿ ಹೆಚ್ಚಿದೆ ಎಂಬ ಸತ್ಯವನ್ನು ಅದು ಹೇಳಿತು. ಹೇಳಿದ್ದಕ್ಕೆ ಅದನ್ನೇ ಕಿತ್ತುಹಾಕಿದರು.

ಹಿತ್ತಿಲ ಬಾಗಿಲಿಂದ ಬಂದ ಗಾಳಿ

ಕೊನೆಗೆ ನಾವು ಹೋದದ್ದು ಒಂದು ಕಾಲಕ್ಕೆ ನಮ್ಮ ಟೆಂಪೋ ರಿಪೇರಿ ಮಾಡುತ್ತಿದ್ದ ಹಳೆಯ ಮಿಸ್ತ್ರಿಯ ಬಳಿಗೆ. ಈಗ ಅವರ ಮಗ ಐಟಿಐ ಕಲಿತು ಅಂಗಡಿ ನಡೆಸುತ್ತಾನೆ. ಕಥೆಯೆಲ್ಲ ಕೇಳಿ ಮಿಸ್ತ್ರಿ ಒಂದೇ ಮಾತು ಹೇಳಿದರು: "ಅಣ್ಣಾರ, ಮಿಶನ್ನು ತ್ರಾಸ ಐತಿ ಅಂತ ಹೇಳತೈತಿ. ಯಾಕ ಐತಿ ಅನ್ನೂದು ನಾವ ಹುಡಕಬೇಕ."

ಮಗ ಸಂಖ್ಯೆಯನ್ನು ಅಳಿಸುವ ಗೊಡವೆಗೆ ಹೋಗಲಿಲ್ಲ. ಮೊದಲು ಅದರ ಜೊತೆಗಿದ್ದ ಇನ್ನೊಂದು ಪುಟ ತೆರೆದ. ದೀಪ ಹೊತ್ತಿದ ಕ್ಷಣದಲ್ಲಿ ಎಂಜಿನ್ನಿನ ವೇಗ, ನೀರಿನ ಕಾವು, ಗಾಡಿಯ ಓಟ ಎಷ್ಟಿತ್ತು ಎಂಬುದನ್ನು ಕಂಪ್ಯೂಟರು ಬರೆದಿಟ್ಟುಕೊಂಡಿರುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ನಮ್ಮ ಗಾಡಿಯದರಲ್ಲಿ ಎಂಜಿನ್ನು ನಿಧಾನ ಓಟದಲ್ಲಿತ್ತು.

ಬಳಿಕ ಅವನು ನೋಡಿದ್ದು ಇಂಧನದ ತಿದ್ದುಪಡಿಯ ಲೆಕ್ಕ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲ್ ಬೆರೆತ ಪೆಟ್ರೋಲಿಗೆ ಸ್ವಲ್ಪ ಕಡಿಮೆ ಸಾಕು. ಈ ಪ್ರಮಾಣ ತಪ್ಪಿದರೆ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡಿ ಸರಿದೂಗಿಸುತ್ತದೆ. ಆ ತಿದ್ದುಪಡಿ ಶೇಕಡಾ 10ರ ಒಳಗೆ ಹಿಂದೆ ಮುಂದೆ ಆಡುತ್ತಿದ್ದರೆ ಚಿಂತೆಯಿಲ್ಲ. ನಮ್ಮ ಗಾಡಿ ನಿಂತಲ್ಲೇ ಓಡುವಾಗ ಅದು ಶೇಕಡಾ 24 ಹೆಚ್ಚು ತೋರಿಸುತ್ತಿತ್ತು. ಎಂಜಿನ್ನಿನ ವೇಗವನ್ನು ನಿಮಿಷಕ್ಕೆ 2,500 ಸುತ್ತಿಗೆ ಏರಿಸಿದಾಗ ಶೇಕಡಾ 6ಕ್ಕೆ ಇಳಿಯಿತು.

ತಂದೆ ಮಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಪೆಟ್ರೋಲು ಸಾಲದೆ ಬಂದರೆ, ಅಂದರೆ ಪಂಪು ಸೋತಿದ್ದರೆ ಅಥವಾ ಫಿಲ್ಟರು ಕಟ್ಟಿದ್ದರೆ, ಎಂಜಿನ್ನಿಗೆ ಹೊರೆ ಬಿದ್ದಷ್ಟೂ ಕೊರತೆ ಹೆಚ್ಚಬೇಕು. ಇಲ್ಲಿ ವೇಗ ಹೆಚ್ಚಿದಂತೆ ಕೊರತೆ ಕಡಿಮೆಯಾಗುತ್ತಿದೆ. ಹಾಗಾದರೆ ಎಲ್ಲಿಯೋ ಒಂದು ಸಣ್ಣ ತೂತಿನಿಂದ ಗಾಳಿ ಒಳಸೇರುತ್ತಿದೆ ಎಂದಾಯಿತು. ನಿಧಾನ ಓಟದಲ್ಲಿ ಎಂಜಿನ್ನು ಎಳೆದುಕೊಳ್ಳುವ ಒಟ್ಟು ಗಾಳಿ ಕಡಿಮೆ, ಆದ್ದರಿಂದ ತೂತಿನ ಗಾಳಿಯ ಪಾಲು ದೊಡ್ಡದು. ವೇಗದಲ್ಲಿ ಒಟ್ಟು ಗಾಳಿ ಹೆಚ್ಚಿ ಅದರ ಪಾಲು ಚಿಕ್ಕದಾಗುತ್ತದೆ. ನಮ್ಮ ಗಾಡಿಯಲ್ಲಿ ಗಾಳಿ ಅಳೆಯುವ ಸೆನ್ಸರು ಏರ್ ಫಿಲ್ಟರಿನ ಬಳಿಯೇ ಇದೆ. ಅದನ್ನು ದಾಟಿದ ಮೇಲೆ ಒಳಬಂದ ಗಾಳಿ, ಹಿತ್ತಿಲ ಬಾಗಿಲಿಂದ ಗೋದಾಮಿಗೆ ಬಂದ ಮಾಲಿನಂತೆ, ಕಿರ್ದಿ ಪುಸ್ತಕಕ್ಕೆ ಏರುವುದೇ ಇಲ್ಲ. ಗಾಳಿಯ ಬದಲು ಒತ್ತಡವನ್ನು ಅಳೆಯುವ ಗಾಡಿಗಳೂ ಇವೆ. ಅವುಗಳಲ್ಲಿ ಇಂಥ ತೂತಿನ ಲಕ್ಷಣ ಬೇರೆಯಾಗಿರುತ್ತದೆ.

ಮಿಸ್ತ್ರಿ ಒಂದು ಮಾರು ರಬ್ಬರ್ ನಳಿಕೆಯ ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಎಂಜಿನ್ನಿನ ಹಿಂಭಾಗದಲ್ಲಿ ಮೆಲ್ಲನೆ ಆಡಿಸಿದರು. ಒಂದು ಕಡೆ ಸುಯ್ ಎಂಬ ಸದ್ದು ಕೇಳಿತು. ಬೆರಳು ದಪ್ಪದ ಒಂದು ಪೈಪನ್ನು ಇಕ್ಕಳದಿಂದ ಮೆತ್ತಗೆ ಒತ್ತಿ ಹಿಡಿದೊಡನೆ ಎಂಜಿನ್ನಿನ ನಡುಕ ನಿಂತಿತು, ಮೊಬೈಲಿನಲ್ಲಿ ಅಂಕಿಯೂ ಇಳಿಯತೊಡಗಿತು. ಪೈಪು ತೆಗೆದು ತಿರುಗಿಸಿ ನೋಡಿದರೆ ಅಡಿಯಲ್ಲಿ ಸಾಲಾಗಿ ಹಲ್ಲಿನ ಗುರುತು. ಇಲಿ ಕಚ್ಚಿತ್ತು! ಗಾಡಿ ನಿಲ್ಲುತ್ತಿದ್ದದ್ದು ನಮ್ಮ ಜೋಳದ ಗೋದಾಮಿನ ಗೋಡೆಗೆ. ಹೊಸ ಪೈಪಿಗೆ 140 ರೂಪಾಯಿ.

ಬಿಡಿಭಾಗ ಬದಲಿಸುವ ಮುನ್ನ

ಆ ತಂದೆ ಮಗನಿಂದ ನಾವು ಕಲಿತ ಕ್ರಮ ಇದು: ಮೊದಲು ಓದು, ಆಮೇಲೆ ಪರೀಕ್ಷೆ, ಕೊನೆಗೆ ಖರೀದಿ.

ಯಾವ ಸಂಖ್ಯೆ ಬಂದರೂ ಮೊದಲು ಬ್ಯಾಟರಿ ನೋಡಬೇಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟಿನ ಆಸುಪಾಸು, ಎಂಜಿನ್ನು ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟು ತೋರಿಸಬೇಕು. ವಿದ್ಯುತ್ತು ಸಾಲದಿದ್ದರೆ ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಸಂಖ್ಯೆಗಳು ಒಮ್ಮೆಲೇ ಬರುವುದುಂಟು.

ಪಿ0301 ಬಂತೆಂದರೆ ಒಂದನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ. ಒಂದೊಂದು ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಗಾಡಿಯಾದರೆ, ಎಂಜಿನ್ನು ನಿಲ್ಲಿಸಿ ಒಂದನೆಯ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದನ್ನು ಒಂದಕ್ಕೂ ಹಾಕಿ ಓಡಿಸಿ ನೋಡಬೇಕು. ಸಂಖ್ಯೆ ಪಿ0302 ಆಯಿತೆಂದರೆ ದೋಷ ಕಾಯಿಲಿನದೇ. ಪಿ0301 ಆಗಿಯೇ ಉಳಿದರೆ ಪ್ಲಗ್ಗು, ಇಂಜೆಕ್ಟರು, ಕಂಪ್ರೆಶನ್ನು ಹೀಗೆ ಮುಂದೆ ಹೋಗಬೇಕು. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ.

ಪಿ0113 ಬಂದಾಗ ಅನೇಕರು ಮೋಸಹೋಗುತ್ತಾರೆ. ಒಳಹೋಗುವ ಗಾಳಿಯ ಕಾವಿನ ಸೆನ್ಸರಿನಲ್ಲಿ 'ಹೆಚ್ಚು' ಎಂದು ಬರೆದಿರುತ್ತದೆ. ಹೆಚ್ಚಾದದ್ದು ಕಾವಲ್ಲ, ವೋಲ್ಟು. ತಂತಿ ತುಂಡಾದರೆ ಅಥವಾ ಕನೆಕ್ಟರು ಬಿಟ್ಟುಹೋದರೆ ಹೀಗಾಗುತ್ತದೆ. ಆಗ ಜತ್ತದ ವೈಶಾಖದ ಬಿಸಿಲಿನಲ್ಲೂ ಸ್ಕ್ಯಾನರು ಗಾಳಿಯ ಕಾವು ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದು ತೋರಿಸುತ್ತದೆ! ಏರ್ ಫಿಲ್ಟರು ಬದಲಿಸಿದ ಮರುದಿನ ಈ ಸಂಖ್ಯೆ ಬಂದರೆ, ಹುಡುಗರು ಕನೆಕ್ಟರು ಸಿಕ್ಕಿಸಲು ಮರೆತಿರುವುದೇ ಹೆಚ್ಚು.

ಪಿ0420 ಬಂದರೆ ಇನ್ನೂ ಜೋಪಾನ. ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ದೂರು ಇದು. ಅದರಲ್ಲಿ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳಿರುವುದರಿಂದ ಹೊಸದಕ್ಕೆ ಬಹಳ ಹಣ ಬೇಕು. ಸೈಲೆನ್ಸರಿನ ಕೊಳವೆ ಎಲ್ಲಿಯಾದರೂ ಸೋರುತ್ತಿದೆಯೇ, ಕಿಡಿಯ ದೋಷ ಉಳಿದಿದೆಯೇ, ಹಿಂದಿನ ಆಕ್ಸಿಜನ್ ಸೆನ್ಸರು ಸರಿಯಾಗಿದೆಯೇ ಎಂದು ನೋಡದೆ ಇದಕ್ಕೆ ಕೈಹಾಕಬಾರದು.

ದೀಪದ ಬಣ್ಣವನ್ನೂ ನೋಡಿ

ಹಳದಿ ದೀಪ ಅಲುಗದೆ ಉರಿಯುತ್ತಿದ್ದು, ಗಾಡಿ ಸರಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಊರು ಸೇರಿಕೊಳ್ಳಬಹುದು. ಅದು ಮಿಣುಕುತ್ತಿದ್ದರೆ ಕೂಡಲೇ ವೇಗ ಇಳಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಉರಿಯದ ಪೆಟ್ರೋಲು ಕನ್ವರ್ಟರಿಗೆ ಹೋಗಿ ಅಲ್ಲಿ ಹೊತ್ತಿಕೊಂಡು, ಅದನ್ನು ಸುಟ್ಟು ಹಾಳುಮಾಡುತ್ತಿದೆ ಎಂದು ಅದರ ಅರ್ಥ. ಎಣ್ಣೆಯ ಒತ್ತಡದ ಅಥವಾ ನೀರಿನ ಕಾವಿನ ಕೆಂಪು ದೀಪ ಬಂದರಂತೂ ಮುಂದಿನ ಊರು ಎಂದು ಯೋಚಿಸದೆ ಅಲ್ಲಿಯೇ ಬದಿಗೆ ನಿಲ್ಲಿಸಿ ಎಂಜಿನ್ನು ಬಂದ್ ಮಾಡಬೇಕು.

ಕೆಲವರು ದೀಪ ಬಂತೆಂದು ಬ್ಯಾಟರಿಯ ತಂತಿ ಕಿತ್ತು ಹಚ್ಚುತ್ತಾರೆ. ದೀಪ ಆರುತ್ತದೆ ನಿಜ. ಅದರೊಡನೆ ಫ್ರೀಜ್ ಫ್ರೇಮಿನ ಲೆಕ್ಕವೂ ಅಳಿಸಿಹೋಗಿ, ಹುಡುಕುವವನಿಗೆ ಜಾಡು ಸಿಗದಂತಾಗುತ್ತದೆ. ದೋಷ ನಿಜವಾಗಿ ಹೋದರೆ, ಮೂರು ಸಲ ಓಡಿಸಿದರೂ ಅದು ಮರುಕಳಿಸದಿದ್ದಾಗ ದೀಪ ತಾನೇ ಆರುತ್ತದೆ. ಎಂಜಿನ್ನು ಇನ್ನೂ ಸುಮಾರು 40 ಸಲ ತಣ್ಣಗಾಗಿ ಬಿಸಿಯಾದ ಮೇಲೆ ಸಂಖ್ಯೆಯೂ ತಾನಾಗಿ ಅಳಿಯುತ್ತದೆ.

ಮನೆಯಿಂದ ಅಂಗಡಿಗೆ ಡೀಸೆಲ್ ಗಾಡಿ

ವ್ಯಾಪಾರಸ್ಥರ ಮನೆಗಳಲ್ಲಿ ದೊಡ್ಡ ಡೀಸೆಲ್ ಗಾಡಿ ಇಟ್ಟುಕೊಂಡು, ಮನೆಯಿಂದ ಪೇಟೆಗೆ ಎರಡು ಕಿಲೋಮೀಟರು ಓಡಿಸುವ ರೂಢಿಯಿದೆ. ಸ್ಟೇಜ್ 6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರು ಇರುತ್ತದೆ. ತುಂಬಿದ ಮಸಿಯನ್ನು ಸುಮಾರು 600 ಡಿಗ್ರಿ ಕಾವಿನಲ್ಲಿ ಸುಟ್ಟು ಅದು ತನ್ನನ್ನು ತಾನೇ ಚೊಕ್ಕ ಮಾಡಿಕೊಳ್ಳುತ್ತದೆ. ಅಷ್ಟು ಕಾವು ಬರಬೇಕಾದರೆ ಗಾಡಿ ಹೆದ್ದಾರಿಯಲ್ಲಿ ಒಂದೇ ಸಮನೆ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ಪೇಟೆಯಲ್ಲೇ ತಿರುಗುವ ಗಾಡಿಗೆ ಆ ಅವಕಾಶವೇ ಸಿಗದೆ, ಮಸಿ ತುಂಬಿ ಪಿ2463 ಬರುತ್ತದೆ. ಫಿಲ್ಟರಿನ ದೀಪ ಬಂದ ಮೊದಲ ದಿನವೇ ಗಾಡಿಯ ಪುಸ್ತಕದಲ್ಲಿ ಹೇಳಿದಂತೆ ಹೆದ್ದಾರಿಗೆ ಒಯ್ದು ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಲಕ್ಷ್ಯ ಮಾಡಿದರೆ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ, ಖರ್ಚು ಬೆಳೆಯುತ್ತದೆ. ಪೇಟೆಯ ಓಡಾಟವೇ ಹೆಚ್ಚಿರುವ ಮನೆಗೆ ಪೆಟ್ರೋಲ್ ಗಾಡಿಯೇ ಮೇಲು.

ಇಲಿಯ ಮಾತು

ಇಲಿಯ ಮುಂದಿನ ಹಲ್ಲು ಆಯುಷ್ಯವಿಡೀ ಬೆಳೆಯುತ್ತಲೇ ಇರುತ್ತದೆ, ಕಚ್ಚುವುದು ಅದರ ಸ್ವಭಾವ. ಬೆಚ್ಚಗಿನ ಎಂಜಿನ್ನು, ಪಕ್ಕದಲ್ಲಿ ಕಾಳಿನ ಚೀಲ ಇದ್ದರೆ ಅದಕ್ಕೆ ಇನ್ನೇನು ಬೇಕು? ವಿಷ ಇಡಿರೆಂದು ಹೇಳಿದವರು ಬಹಳ. ನಮಗೆ ಅದು ಸಲ್ಲದು. ವ್ಯವಹಾರದ ದೃಷ್ಟಿಯಿಂದಲೂ ಅದು ಹಿತವಲ್ಲ. ವಿಷ ತಿಂದ ಇಲಿ ಗಾಡಿಯ ಸಂದಿಯಲ್ಲಿ ಸತ್ತರೆ ವಾರಗಟ್ಟಲೆ ನಾರುತ್ತದೆ. ಆ ಇಲಿಯನ್ನು ತಿಂದ ಬೆಕ್ಕು, ಗೂಬೆಗಳೂ ಸಾಯುತ್ತವೆ. ನಾವು ಗಾಡಿಯನ್ನು ಗೋದಾಮಿನಿಂದ ದೂರ, ಬೆಳಕಿರುವಲ್ಲಿ ನಿಲ್ಲಿಸತೊಡಗಿದೆವು. ಕೆಳಗಿನಿಂದ ಹತ್ತುವ ಸಂದಿಗಳಿಗೆ, ಬಿಸಿ ಭಾಗ ಮತ್ತು ಬೆಲ್ಟು ಬಿಟ್ಟು, ತಂತಿ ಜಾಲರಿ ಹಾಕಿಸಿದೆವು. ಮಕ್ಕಳ ತಿಂಡಿಯ ಪೊಟ್ಟಣ ರಾತ್ರಿ ಗಾಡಿಯಲ್ಲಿ ಉಳಿಯದಂತೆ ನೋಡಿಕೊಳ್ಳುತ್ತೇವೆ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುತ್ತೇವೆ. ಗೋದಾಮಿನಲ್ಲಿ ಬೋನು ಇಟ್ಟು, ಸಿಕ್ಕ ಇಲಿಯನ್ನು ಊರ ಹೊರಗೆ ಬಿಟ್ಟುಬರುತ್ತೇವೆ.

ಗ್ಯಾರೇಜಿನಲ್ಲಿ ಕೇಳಬೇಕಾದದ್ದು

ಗ್ಯಾರೇಜಿನವರೆಲ್ಲ ಮೋಸಗಾರರೆಂದು ನಾವು ಹೇಳುತ್ತಿಲ್ಲ. ಗಿರಾಕಿ ಅವಸರ ಮಾಡಿದಾಗ ಅವರೂ ಅಂದಾಜಿನ ಮೇಲೆ ಹೋಗುತ್ತಾರೆ. ಆದ್ದರಿಂದ ಮೂರು ಮಾತು ಕೇಳಿ: ಸಂಖ್ಯೆ ಏನು ಬಂತು, ಬರೆದು ಕೊಡುವಿರಾ? ಈ ಭಾಗವೇ ಹೋಗಿದೆಯೆಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು? ತೆಗೆದ ಹಳೆಯ ಭಾಗವನ್ನು ತೋರಿಸುವಿರಾ? ಇವನ್ನು ಸಂಶಯದ ದನಿಯಲ್ಲಿ ಕೇಳಬೇಕಾಗಿಲ್ಲ. ಪರೀಕ್ಷೆ ಮಾಡಲು ಒಂದು ಗಂಟೆ ಹಿಡಿದರೆ ಆ ಗಂಟೆಯ ಕೂಲಿಯನ್ನು ಸಂತೋಷದಿಂದ ಕೊಡಿ. ನಮ್ಮ ಮಿಸ್ತ್ರಿ ಪೈಪಿನ ಬೆಲೆಯ ಮೇಲೆ ಕೇಳಿದ್ದು 300 ರೂಪಾಯಿ. ನಾವು 500 ಕೊಟ್ಟು ಬಂದೆವು. ಅದಕ್ಕೆ ಮೊದಲು ಹೋದ 9,000ದಲ್ಲಿ ಪರೀಕ್ಷೆಯ ಕೂಲಿ ಒಂದು ರೂಪಾಯಿಯೂ ಇರಲಿಲ್ಲ.

ಅಂದು ಸಂಜೆ ಆ ಕಚ್ಚಿದ ಪೈಪನ್ನು ಕೈಯಲ್ಲಿ ಹಿಡಿದುಕೊಂಡೇ ಡ್ರೈವರನ ಮನೆಗೆ ಹೋದೆವು. ಕ್ಷಮಾವಾಣಿಯ ದಿನ ಬರಲೆಂದು ಕಾಯುವಂತಿರಲಿಲ್ಲ. ತಪ್ಪಾಯಿತೆಂದು ಕೈಮುಗಿದೆವು. ಅವನು ಪೈಪನ್ನು ತಿರುಗಿಸಿ ನೋಡಿ, "ಇಲಿಗೇನ ಗೊತ್ತರಿ ಅಣ್ಣಾರ, ಅದಕ್ಕ ಹಸಿವು" ಎಂದ. ಮರುದಿನ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದ. ಗುಮಾಸ್ತರೆಲ್ಲ ಕುಳಿತಿದ್ದಾಗ, ಅವರ ಎದುರಿಗೂ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಆಡಿದ ಜಾಗದಲ್ಲೇ ಮಾತನ್ನು ಹಿಂತೆಗೆದುಕೊಳ್ಳಬೇಕಲ್ಲವೇ?

ಗಾಡಿ ಈಗ ಚೆನ್ನಾಗಿ ಓಡುತ್ತಿದೆ. ಆ ಪೈಪಿನ ತುಂಡನ್ನು ನಾವು ಎಸೆದಿಲ್ಲ. ಅದು ಗಲ್ಲೆಯ ಪೆಟ್ಟಿಗೆಯಲ್ಲಿ, ಕಿರ್ದಿ ಪುಸ್ತಕದ ಪಕ್ಕದಲ್ಲಿದೆ. ಯಾರ ಮೇಲಾದರೂ ದೂರು ಬಂದಾಗ ಒಮ್ಮೆ ಅದನ್ನು ತೆಗೆದು ನೋಡುತ್ತೇವೆ.